ನಿಂತಂತೆ ಕಂಡ ಗೆರೆ

ಕಾಚಿಗೂಡ ಸ್ಟೇಷನ್ ಎದುರಿನ ಗಲ್ಲಿಯಲ್ಲಿ ಅಮರೇಶಪ್ಪನವರ ಚಷ್ಮಾ ಅಂಗಡಿ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವವನು ಯಾದಗಿರಿ ಕಡೆಯ ತಾಯಪ್ಪ. ಮಾದಾಪುರದಲ್ಲಿ ಕಂಪ್ಯೂಟರ್ ಆಫೀಸುಗಳು ಎದ್ದ ಮೇಲೆ ಅವನಿಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ಇಪ್ಪತ್ತೈದು ದಾಟದ ಹುಡುಗ ಹುಡುಗಿಯರೆಲ್ಲ ಮೈನಸ್ ನಂಬರಿನ ಚೀಟಿ ಹಿಡಿದು ಬರುವವರೇ.

ಸಗಟು ಅಂಗಡಿಯಿಂದ ಬರುವ ಗಾಜಿನ ಲಕೋಟೆಯ ಮೇಲೆ ನಂಬರು ಬರೆದಿರುತ್ತದೆ. ತಾಯಪ್ಪ ಅದನ್ನು ನಂಬುವ ಆಸಾಮಿಯಲ್ಲ. ಎದುರು ಗೋಡೆಯ ಮೇಲೆ ತಾನೇ ಬಳಿದ ಕಪ್ಪು ಗೆರೆಯತ್ತ ಗಾಜು ಹಿಡಿದು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾನೆ. ನಡು ಉಬ್ಬಿದ ಪ್ಲಸ್ ಗಾಜಾದರೆ ಗೆರೆ ಕೈಗೆ ಎದುರಾಗಿ ಓಡುತ್ತದೆ. ನಡು ತಗ್ಗಿದ ಮೈನಸ್ ಆದರೆ ಕೈಯ ಜೊತೆಗೇ ಬರುತ್ತದೆ. ಐದೂವರೆ ಮೈನಸ್ಸಿಗೆ ಐದೂವರೆ ಪ್ಲಸ್ ಜೋಡಿಸಿ ಹಿಡಿದರೆ, ಒಂದು ಚದುರಿಸಿದ ಬೆಳಕನ್ನು ಇನ್ನೊಂದು ಕೂಡಿಸಿ, ಗೆರೆ ಇದ್ದಲ್ಲೇ ನಿಲ್ಲುತ್ತದೆ. ಕೂದಲೆಳೆಯಷ್ಟು ಅಲ್ಲಾಡಿದರೂ ನಂಬರು ತಪ್ಪು. "ತಾಯಪ್ಪ ಇರೂತನಕ ನನಗ್ಯಾಕ ನಂಬರ್ ನೋಡೋ ಮಷೀನು?" ಎಂದು ಅಮರೇಶಪ್ಪ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು.

ಜನವರಿಯ ಒಂದು ಸಂಜೆ ತಾಯಪ್ಪ ಹೆಂಡತಿ ಗದಿಗೆಮ್ಮನ ಜೊತೆ ನಾಂಪಲ್ಲಿ ಎಕ್ಸಿಬಿಷನ್ನಿಗೆ ಹೋದ. ಅಲ್ಲಿ ಉಪ್ಪಿನಕಾಯಿ ಬಾಟಲಿಯ ಹಿಂದಿನ ಇರುವೆ ಸಾಲಿನಂಥ ಅಕ್ಷರಗಳನ್ನು ಗಡಗಡ ಓದಿಬಿಟ್ಟ. ಓದಿ ಮುಗಿಸಿ ನೋಡಿದರೆ ಕನ್ನಡಕ ಜೇಬಿನಲ್ಲೇ ಇದೆ. ಹನ್ನೆರಡು ವರ್ಷದಿಂದ ಅದಿಲ್ಲದೆ ಅವನು ಒಂದಕ್ಷರ ಓದಿದ್ದಿಲ್ಲ.

"ಅಯ್ಯ, ನಿಮ್ಮ ಕಣ್ಣ ಮತ್ತ ಹರೇದ ಹುಡುಗರ ಕಣ್ಣ ಆದವು ನೋಡ್ರಿ!" ಗದಿಗೆಮ್ಮ ಹಿಗ್ಗಿ ಹೀರೆಕಾಯಿಯಾದಳು. ಮರುದಿನ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು, ಅಂಗಡಿಗೂ ಕಳಿಸಿದಳು.

ತಾಯಪ್ಪ ಮಾತ್ರ ಆ ಹೋಳಿಗೆ ತಿನ್ನಲಿಲ್ಲ. ಪಾಪ, ಅವಳಿಗೇನು ಗೊತ್ತು? ಇವನಿಗೆ ಗೊತ್ತಿತ್ತು. ವಯಸ್ಸಾದ ಕಣ್ಣೊಳಗಿನ ಮಸೂರ ಹತ್ತಿರದಿಂದ ಬರುವ ಬೆಳಕನ್ನು ಬೇಕಾದಷ್ಟು ಬಾಗಿಸಲಾರದು. ಉಳಿದದ್ದನ್ನು ಕನ್ನಡಕದ ಉಬ್ಬು ಗಾಜು ಬಾಗಿಸುತ್ತದೆ. ಆ ಗಾಜೇ ಬೇಡವಾಯಿತೆಂದರೆ ಒಳಗಿನ ಮಸೂರ ಗಟ್ಟಿಯಾಗಿ ಬೆಳಕನ್ನು ಅತಿಯಾಗಿ ಬಾಗಿಸುತ್ತಿದೆ, ಪೊರೆ ಬರುತ್ತಿದೆ ಎಂದರ್ಥ. ಹತ್ತಿರದ್ದೇನೋ ಸಿಕ್ಕಿತು. ಆದರೆ ದೂರದ ಬಿಂಬ ಕಣ್ಣಿನ ಪರದೆಗೆ ಮುಟ್ಟುವ ಮೊದಲೇ ಕೂಡಿ, ಪರದೆಯ ಮೇಲೆ ಮಸುಕಾಗಿ ಬೀಳುತ್ತದೆ. ಎಕ್ಸಿಬಿಷನ್ನಿನ ಒಂದೊಂದು ದೀಪದ ಸುತ್ತ ಬಳೆಯಂಥ ಉಂಗುರ ಕಂಡದ್ದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ.

ಅಂಗಡಿಯಲ್ಲೂ ಬಾಯಿ ಬಿಡಲಿಲ್ಲ. ಕಣ್ಣು ಕಾಣದವನನ್ನು ಚಷ್ಮಾ ಅಂಗಡಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಬೇರೆ ಕೆಲಸ ಅವನಿಗೆ ಬಾರದು. ಎದುರು ಗೋಡೆಯ ಗೆರೆ ಮಸುಕಾಗಿ ಕಾಣುತ್ತಿದ್ದರಿಂದ ಅದಕ್ಕೆ ಹೊಸದಾಗಿ ದಪ್ಪಗೆ ಕಪ್ಪು ಬಳಿದ. ಗೆರೆ ನಿಂತಂತೆ ಕಂಡ ಕೂಡಲೇ ಕೈ ಇಳಿಸಿಬಿಡುತ್ತಿದ್ದ, ಇನ್ನೊಮ್ಮೆ ನೋಡಲು ಭಯ. ಫೆಬ್ರವರಿಯಲ್ಲಿ ಲಿಂಗಣ್ಣನೆಂಬ ಗಿರಾಕಿ, ಹೊಸ ಚಷ್ಮಾ ಹಾಕಿದರೆ ತಲೆ ಸಿಡಿಯುತ್ತದೆ ಎಂದು ವಾಪಸು ಬಂದ. "ಹೊಸಾದೈತ್ರಿ, ನಾಕ ದಿನ ಹಾಕ್ಕೋರಿ, ಹೊಂದತೈತಿ" ಎಂದು ತಾಯಪ್ಪ ಸಾಗಹಾಕಿದ. ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ.

ಮಾರ್ಚಿನಲ್ಲಿ ಸಂಯುಕ್ತಾ ಬಂದಳು. ರಾಯಚೂರಿನ ಹುಡುಗಿ, ಮಾದಾಪುರದ ಆಫೀಸಿಗೆ ಸ್ಕೂಟಿಯಲ್ಲಿ ಹೋಗುವವಳು. "ಕಾಕಾ, ನಂದು ರೆಡಿ ಆತೇನ್ರಿ? ಈ ಹಳೇ ಚಷ್ಮಾದ ಕಾಲು ಮುರದೈತಿ. ದಾರ ಕಟ್ಕೊಂಡು ಗಾಡಿ ಹೊಡ್ಯಾಕತ್ತೀನಿ."

ಅವಳ ಬಲಗಣ್ಣಿನ ಐದೂವರೆ ಮೈನಸ್ ಗಾಜು ಮೇಜಿನ ಮೇಲೇ ಇತ್ತು. ಬೆಳಿಗ್ಗೆಯಿಂದ ಮೂರು ಸಲ ನೋಡಿದ್ದ. ಮೂರೂ ಸಲ ಗೆರೆ ನಿಂತಿತ್ತು. ಆದರೂ ತನ್ನ ಕಣ್ಣಿನ ಮೇಲೆ ನಂಬಿಕೆ ಬರಲಿಲ್ಲ. ಸುಮ್ಮನೆ ಫ್ರೇಮಿಗೆ ಕೂರಿಸಿ ಕೊಟ್ಟರೆ ಈ ಹುಡುಗಿ ಮರುಮಾತಿಲ್ಲದೆ ಹಾಕಿಕೊಂಡು, ಆ ಬಸ್ಸು ಲಾರಿಗಳ ನಡುವೆ ಹೋಗುತ್ತಾಳೆ. ಅವನಿಗೆ ತಡೆಯಲಾಗಲಿಲ್ಲ.

"ತಂಗೀ, ಹಳೇ ಚಷ್ಮಾ ಹಾಕ್ಕೊಂಡಾ ಬಾ ಇಲ್ಲೆ." ಮೈನಸ್ ಗಾಜಿಗೆ ಐದೂವರೆ ಪ್ಲಸ್ ಜೋಡಿಸಿ ಅವಳ ಕೈಗಿಟ್ಟ. "ಇದರಾಗಿಂದ ಆ ಗೆರಿ ನೋಡು. ಮೆಲ್ಲಕ ಅಲ್ಲಾಡಸು. ಗೆರಿ ನಿಂತೈತೋ, ಓಡತೈತೋ?"

"ಓಡತೈತಿ ಕಾಕಾ, ಕೈ ಹೋದ ಕಡೆ."

"ಒಂಚೂರೋ?"

"ಇಲ್ಲ, ಚೊಲೋತ್ನಂಗ ಓಡತೈತಿ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಮರೇಶಪ್ಪ ತಿರುಗಿದರು. "ಏನಾತೋ ತಾಯಪ್ಪ?"

"ನಂಬರ್ ತಪ್ಪೈತ್ರಿ ಸಾವಕಾರ್ರ." ತಾಯಪ್ಪ ಗಾಜುಗಳನ್ನು ಅವಳ ಕೈಯಿಂದ ತೆಗೆದುಕೊಂಡ. "ನನಗ ನಿಂತಂಗ ಕಾಣತಿತ್ತು."

ಅಮರೇಶಪ್ಪ ಅವನ ಮುಖ ನೋಡಿದರು. ಜೇಬಿನಲ್ಲೇ ಉಳಿದ ಕನ್ನಡಕ ನೋಡಿದರು. "ಯಾವಾಗಿಂದ?"

"ಗದಿಗೆಮ್ಮ ಹೋಳಿಗಿ ಕಳಸಿದ್ಲಲ್ರಿ, ಅದರ ಹಿಂದಿನ ದಿನದಿಂದ."

ಆ ಹೋಳಿಗೆಯಲ್ಲಿ ಎರಡನ್ನು ಅಮರೇಶಪ್ಪನವರೂ ಬಾಯಿ ಚಪ್ಪರಿಸಿ ತಿಂದಿದ್ದರು. ಅವರು ಬೈಯಲಿಲ್ಲ. ಸಂಯುಕ್ತಾಳಿಗೆ ನಾಳೆ ಬಾರವ್ವ ಎಂದು ಹೇಳಿ, ಗಿರಾಕಿಗಳ ಹೆಸರು ಬರೆಯುವ ಪುಸ್ತಕ ತೆಗೆದು ಜನವರಿಯ ಹಾಳೆಗೆ ಹೋದರು. ಫೋನ್ ನಂಬರುಗಳೆಲ್ಲ ಅಂಚಿನಲ್ಲಿ ಒತ್ತೊತ್ತಾಗಿ ಬರೆದಂಥವು, ಅವರ ಕಣ್ಣಿಗೆ ಒಂದೂ ಸರಿಯಾಗಿ ಕಾಣಲಿಲ್ಲ. ಪುಸ್ತಕವನ್ನು ತಾಯಪ್ಪನ ಕಡೆ ಸರಿಸಿ ಫೋನು ಎತ್ತಿಕೊಂಡರು.

"ಮೊದಲ ಲಿಂಗಣ್ಣಗ ಹಚ್ರಿ" ಎಂದ ತಾಯಪ್ಪ. ಆಮೇಲೆ ಕನ್ನಡಕವಿಲ್ಲದ ಬರಿಗಣ್ಣಿನಲ್ಲಿ, ಒಂದೂ ತಪ್ಪದಂತೆ, ಒಂದೊಂದೇ ನಂಬರು ಓದಿ ಹೇಳತೊಡಗಿದ.