ಕೂಸಿಗೆ ಎರೆಯುವ ಭೀಮವ್ವನ ಹೊಟ್ಟೆಕಿಚ್ಚು

ಬೆಳಗಿನ ಐದೂವರೆ. ಮಾನ್ವಿಯ ಸಂತೆ ಬಯಲಿನ ಪಕ್ಕದ ಓಣಿ. ದುರ್ಗಾದೇವಿ ಎಂಬ ಬಾಣಂತಿಯ ಮನೆಯ ಬಚ್ಚಲಿನಿಂದ ಹತ್ತಿ ಕಟ್ಟಿಗೆಯ ಹೊಗೆ ಏಳುತ್ತಿದೆ, ಹಂಡೆಯ ನೀರು ಕುದಿಯುತ್ತಿದೆ. ಅರವತ್ತರ ಭೀಮವ್ವ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿದ್ದಾರೆ. ಆ ಕಾಲುಗಳ ಮೇಲೆ ಇಪ್ಪತ್ತಮೂರು ದಿನದ ಗಂಡುಕೂಸು ಬೋರಲಾಗಿ ಮಲಗಿದೆ. ನೆತ್ತಿಗೆ ಹರಳೆಣ್ಣೆ, ಮೈಗೆ ಎಳ್ಳೆಣ್ಣೆ. ಎಣ್ಣೆ ಹಿಡಿದ ಮೇಲೆ ಕಡಲೆ ಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿದ ಉಂಡೆಯನ್ನು ಬೆನ್ನ ಮೇಲೆ, ಭುಜದ ಮೇಲೆ ಮೆಲ್ಲಗೆ ಹೊರಳಿಸುತ್ತಾರೆ. ಹುಟ್ಟುಗೂದಲಿನ ನವಿರೆಲ್ಲ ಉಂಡೆಗೆ ಅಂಟಿಕೊಂಡು ಬರುತ್ತದೆ.

ನೀರು ಎರೆಯುವ ಮೊದಲು ಭೀಮವ್ವ ಒಂದು ಕ್ಷಣ ನಿಲ್ಲುತ್ತಾರೆ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಕೆಟ್ಟಿನಲ್ಲಿ ಮೊಣಕೈ ಅದ್ದುತ್ತಾರೆ. ಒಂದು ಚೆಂಬು ತಣ್ಣೀರು ಬೆರೆಸಿ ಮತ್ತೆ ಅದ್ದುತ್ತಾರೆ. ಇದು ಒಂದು ತಿಂಗಳಿಂದೀಚೆಗೆ ಕಲಿತ ಅಭ್ಯಾಸ.

ಕೂಸು ಒಮ್ಮೆ ಚೀರಿ ಸುಮ್ಮನಾಗುತ್ತದೆ. ಲೋಬಾನದ ಹೊಗೆ ತೋರಿಸಿ, ಹಳೆ ಸೀರೆಯಲ್ಲಿ ಬಿಗಿಯಾಗಿ ಸುತ್ತಿ ತಾಯಿಯ ಮಗ್ಗುಲಿಗೆ ಹಾಕುವಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಭೀಮವ್ವ ಹೊರಡುವ ಮುನ್ನ ದುರ್ಗಾದೇವಿಗೆ ಹೇಳುವುದು ಒಂದೇ ಮಾತು. "ಎಷ್ಟೊತ್ತಿಗೆ ಏಳ್ತಾನ ಗಡಿಯಾರ ನೋಡಿಟ್ಕೊ ಯವ್ವಾ. ನಾಳಿ ನನಗ ಹೇಳು. ಹಿಂದಿನ ಓಣ್ಯಾಗಿನ ಕೂಸು ಎಷ್ಟೊತ್ತಿಗೆ ಎದ್ದದ ಅಂತ ನಾ ಕೇಳ್ಕೊಂಡು ಬರ್ತೀನಿ."

ಹಿಂದಿನ ಓಣಿಯ ಕೂಸಿಗೆ ಎರೆಯುವವರು ಅಲ್ಲೇ ವಾಸವಿರುವ ಸರ್ವರಿ ಬೇಗಂ. ಆ ಹೆಸರು ಬಂದರೆ ಸಾಕು, ಭೀಮವ್ವನ ಮೂಗು ತಾನಾಗಿ ಮುರಿಯುತ್ತದೆ.

ಭೀಮವ್ವ ಹುಟ್ಟಿದ್ದು ಬಾಗಲವಾಡದಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮಾನ್ವಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯಿಂದ ಕಲಿತ ವಿದ್ಯೆ ಇದು. ಆ ಅತ್ತೆಗೆ ಅವರ ಅತ್ತೆ ಕಲಿಸಿದ್ದು. ಗಂಡ ಕನಕರಾಯ ಕುರಿಗಳ ಹಿಂದೆ ತಿಂಗಳುಗಟ್ಟಲೆ ಊರೂರು ಅಲೆಯುವಾಗ ಮನೆ ನಡೆಸಿದ್ದು ಇದೇ ಕೈಗಳು. ಮೂವತ್ತೆಂಟು ವರ್ಷ. ಒಂದು ಕಾಲಕ್ಕೆ ದಿನಕ್ಕೆ ಒಂಬತ್ತು ಮನೆ. ಪ್ರತಿ ಮನೆಯಲ್ಲೂ ಮೊದಲು ಕೂಸು, ಆಮೇಲೆ ಬಾಣಂತಿ. ಬಾಣಂತಿಯ ತಲೆಗೆ ಸೀಗೆಕಾಯಿ, ಮೈಗೆ ಅರಿಶಿನ, ಬೆನ್ನಿಗೆ ಸುರುಸುರು ಬಿಸಿನೀರು. ಎರಡು ತಲೆಮಾರು ಈ ಕಾಲುಗಳ ಮೇಲೆ ಮಲಗಿದೆ. "ನಾ ಎರದ ಕೂಸುಗಳು ಈಗ ತಮ್ಮ ಕೂಸು ಎತ್ಕೊಂಡು ಬರ್ತಾವ್ರಿ" ಎನ್ನುತ್ತಾರೆ. ಕಿವಿಗೆ ಎಣ್ಣೆ ಹಾಕಬೇಡಿ ಎಂದು ನರ್ಸಮ್ಮ ಹೇಳಿದಾಗ ಎರಡು ದಿನ ಗೊಣಗಿ, ಮೂರನೇ ದಿನ ಬಿಟ್ಟರು.

ಎಂಟು ವರ್ಷದ ಹಿಂದೆ ರಾಯಚೂರಿನಿಂದ ಸರ್ವರಿ ಬೇಗಂ ಬಂದರು. ಜೊತೆಗೆ ಬಾದಾಮಿ ಎಣ್ಣೆ ಬಂತು, ಚಿಕ್ಸಾ ಬಂತು. ಚಿಕ್ಸಾ ಎಂದರೆ ಕಡಲೆ ಹಿಟ್ಟು, ಕಚೋರ, ಗಂಧ ಸೇರಿಸಿ ಕುಟ್ಟಿದ ಘಮಘಮಿಸುವ ಪುಡಿ; ನಿಜಾಮರ ಕಾಲದಿಂದ ಮದುಮಕ್ಕಳಿಗೆ ಹಚ್ಚುತ್ತಿದ್ದುದನ್ನು ತಮ್ಮ ಮನೆಯವರು ಕೂಸುಗಳಿಗೂ ಹದ ಮಾಡಿಕೊಂಡರು ಎಂಬುದು ಸರ್ವರಿಯವರ ಮಾತು. ಸಾಲದ್ದಕ್ಕೆ ಆಕೆಗೆ ಓದಲು ಬರುತ್ತದೆ.

"ಎರದು ಸುಮ್ನ ಹೋಗಬೇಕಿಲ್ರೀ? ಚಷ್ಮಾ ಹಾಕ್ಕೊಂಡು ಬಾಣಂತಿಗೆ ಪೇಪರ್ ಓದಿ ಹೇಳ್ತಾಳ. ಹುಡುಗ್ಯಾರು ಅದಕ್ಕ ಮಳ್ಳಾಗ್ಯಾರ" ಎಂದು ಭೀಮವ್ವ ಗುಡುಗುತ್ತಾರೆ. ಆದರೆ ಅವರ ಹೊಟ್ಟೆ ಉರಿಸಿದ್ದು ಪೇಪರ್ ಅಲ್ಲ. ಸರ್ವರಿ ಎರೆದ ಕೂಸುಗಳು ನಿದ್ದೆ ಮಾಡುತ್ತಿದ್ದವು. ಭೀಮವ್ವ ಎರೆದವು ಓಣಿ ಕಿತ್ತುಹೋಗುವಂತೆ ಅಳುತ್ತಿದ್ದವು. ಒಂಬತ್ತು ಮನೆ ಆರಾಯಿತು, ಆರು ನಾಲ್ಕಾಯಿತು. ಭೀಮವ್ವ ಯಾರಿಗೂ ಹೇಳದೆ ರಾಯಚೂರು ಬಸ್ಸು ಹತ್ತಿ, ಚಿಕ್ಸಾ ಕೊಂಡು ತಂದು, ಉಂಡೆಯಲ್ಲಿ ಕದ್ದು ಕಲಸಿ ನೋಡಿದರು. ಕೂಸುಗಳು ಘಮ್ಮೆನ್ನುತ್ತಲೇ ಅತ್ತವು.

ಅಷ್ಟರಲ್ಲಿ ಮಗಳು ಚಂದ್ರಕಲಾ ಗಬ್ಬೂರಿನಿಂದ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಊರ ಮಕ್ಕಳಿಗೆಲ್ಲ ಎರೆದ ಭೀಮವ್ವನಿಗೆ ಕಡೆಗೂ ಸ್ವಂತ ಮೊಮ್ಮಗಳು. ಆದರೆ ಆ ಕೂಸೂ ಎರೆಯುವಾಗ ಉಸಿರು ಕಟ್ಟುವಂತೆ ಅಳುತ್ತಿತ್ತು, ಬೆನ್ನು ಕೆಂಪಗಾಗುತ್ತಿತ್ತು. ಹನ್ನೆರಡನೇ ದಿನ ಭೀಮವ್ವ ಊರ ಮನೆಗಳನ್ನು ಮುಗಿಸಿ ಬಂದು ನೋಡಿದರೆ ತಮ್ಮ ಬಚ್ಚಲಿನಲ್ಲಿ, ತಮ್ಮದೇ ಮಣೆಯ ಮೇಲೆ ಸರ್ವರಿ ಬೇಗಂ! ಕಾಲ ಮೇಲೆ ಮೊಮ್ಮಗಳು, ಎಣ್ಣೆ ಹಚ್ಚಿಸಿಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿದೆ. ಕರೆಸಿದ್ದು ಹೆತ್ತ ಮಗಳು.

"ನನ್ನ ಹೊಟ್ಟ್ಯಾಗ ಹಂಡೆ ಕುದ್ದಂಗಾತ್ರಿ" ಎಂದು ಭೀಮವ್ವ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಮಣಿ ಕಸ್ಕೊಂಡು ಹೊರಗ ಹಾಕಬೇಕು ಅನಿಸ್ತು. ಕೂಸು ಆಕಿ ಕಾಲ ಮ್ಯಾಲೆ ಇತ್ತು, ಸುಮ್ನಾದೆ."

ಸರ್ವರಿ ಮಾತ್ರ ತಣ್ಣಗೆ, ಹಂಡೆಯಿಂದ ಆಗಷ್ಟೇ ಬಿಸಿನೀರು ತೋಡಿ ಪಕ್ಕದಲ್ಲಿಟ್ಟ ಬಕೆಟ್ಟು ತೋರಿಸಿ, "ಭೀಮಕ್ಕಾ, ಬಂದ್ಯಾ? ನೀರು ನೋಡು. ಹದ ಅದ ಏನು?" ಎಂದರು. ಭೀಮವ್ವ ಗತ್ತಿನಿಂದ ಅಂಗೈ ಅದ್ದಿ, "ಇದೇನು ನೀರು? ಇನ್ನ ಒಂದು ಚೆಂಬು ಬಿಸಿ ಹಾಕು" ಎಂದರು. ಚಂದ್ರಕಲಾ ಅನುಮಾನದಿಂದ ಬೆರಳು ಅದ್ದಿದವಳೇ ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಯವ್ವಾ! ಸುಡಾಕತ್ತದ!"

ಭೀಮವ್ವ ತಮ್ಮ ಅಂಗೈ ನೋಡಿಕೊಂಡರು. ಮೂವತ್ತೆಂಟು ವರ್ಷ ಕುದಿನೀರಿಗೆ ಒಡ್ಡಿದ ಆ ಚರ್ಮ ಎತ್ತಿನ ಹೆಗಲಿನಂತೆ ದಡ್ಡುಗಟ್ಟಿತ್ತು. ಅದಕ್ಕೆ ಬಿಸಿ ತಿಳಿಯುವುದು ನಿಂತು ಎಷ್ಟು ವರ್ಷವಾಗಿತ್ತೋ. ಸರ್ವರಿ ಎರಡು ಚೆಂಬು ತಣ್ಣೀರು ಸುರಿದು, ಮೊಣಕೈ ಅದ್ದಿ ನೋಡಿ, ಇನ್ನೊಂದು ಚೆಂಬು ಸುರಿದರು. ಆಮೇಲೆ ಎರೆದರು. ಕೂಸು ಅಳಲಿಲ್ಲ.

ಭೀಮವ್ವ ಆ ದಿನ ಸರ್ವರಿಗೆ ಚಹಾ ಕುಡಿದು ಹೋಗು ಎನ್ನಲಿಲ್ಲ. ಎರಡು ದಿನ ಹೊಸಿಲು ದಾಟಲಿಲ್ಲ. "ಎಷ್ಟ್ ಕೂಸುಗಳಿಗೆ ಸುಟ್ಟಿತ್ತೋ, ಪಾಪ, ಬಾಯಿಲ್ಲ ಅವಕ್ಕ. ನಾ ಆಕಿ ಎಣ್ಣ್ಯಾಗ ಏನರ ಕಲಸ್ತಾಳ ಅಂತಿದ್ದೆ" ಎನ್ನುವಾಗ ದನಿ ಕುಗ್ಗುತ್ತದೆ. ಮೂರನೇ ದಿನ ಎದ್ದು ಮೊಮ್ಮಗಳಿಗೆ ತಾವೇ ಎರೆದರು, ಮೊಣಕೈ ಅದ್ದಿ ನೋಡಿ. ಮೊಮ್ಮಗಳು ಹನ್ನೊಂದು ಗಂಟೆವರೆಗೆ ಮಲಗಿತು. "ಸರ್ವರಿ ಎರದ ದಿನ ಹತ್ತೂವರಿಗೇ ಎದ್ದಿತ್ರಿ. ನನ್ನ ಮಗಳನ್ನ ಕೇಳ್ರಿ ಬೇಕಾದ್ರ!"

ಈಗ ಮನೆಗಳು ಮತ್ತೆ ಆರಾಗಿವೆ. ಹಾಗೆಂದು ಹೊಟ್ಟೆಕಿಚ್ಚು ಆರಿದೆ ಎಂದುಕೊಳ್ಳಬೇಡಿ. ಬಚ್ಚಲಿನ ಸಂಗತಿಯನ್ನು ಸರ್ವರಿ ಓಣಿಯಲ್ಲಿ ಒಬ್ಬರಿಗೂ ಹೇಳಿಲ್ಲ. "ಹೇಳಿದ್ರ ಜಗಳರ ಆಡ್ತಿದ್ದೆ. ತುಟಿ ಬಿಚ್ಚಿಲ್ಲ ನೋಡ್ರಿ ಆಕಿ. ಅದಕ್ಕ ಇನ್ನಷ್ಟು ಉರೀತದ."

ಇಷ್ಟು ವರ್ಷ ದುಡಿದವರಿಗೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಭೀಮವ್ವ ಹಂಡೆಯ ಮಸಿ ಕೆರೆಯತೊಡಗುತ್ತಾರೆ.

"ಊರಿಗೆಲ್ಲ ಎರದೀನ್ರಿ. ನನ್ನ ಅತ್ತಿ ಸತ್ತ ಮ್ಯಾಲೆ ನನಗ ಯಾರೂ ಎರದಿಲ್ಲ. ಒಂದ್ ದಿನ ಆ ಸರ್ವರಿ ಕೈಲೆ ಎರಿಸ್ಕೋಬೇಕು. ಅಂಗೈಗೆ ತಿಳಿವಲ್ದು, ಆದ್ರ ಬೆನ್ನಿಗೆ ಇನ್ನ ತಿಳೀತದ. ಆ ಕೈಯಾಗ ಏನದ ಅಂತ ಒಮ್ಮಿ ನೋಡಬೇಕು."

ಹಾಗಾದರೆ ಕೇಳಬಹುದಲ್ಲ, ಹಿಂದಿನ ಓಣಿಯೇ ತಾನೆ?

"ನಾ ಕೇಳ್ಲಾ? ಆಕಿನ್ನ?" ಭೀಮವ್ವ ಸೆರಗು ಕೊಡವಿ ಏಳುತ್ತಾರೆ. "ನಾ ಅಂತೂ ಕೇಳಂಗಿಲ್ಲ. ನೀವು ಬರೀರಿ. ಆಕಿ ಪೇಪರ್ ಓದ್ತಾಳ."