ಸೆರಗಿನ ಕೆಂಪು ಮತ್ತು ಹೊಸ ಪ್ರೊಸೆಸರ್

ಹೋದ ವರ್ಷ ಶ್ರಾವಣ ಹಿಡಿಯುವ ಹೊತ್ತಿಗೆ ನಾನು ಇಳಕಲ್ಲಿನಲ್ಲಿ ಫೋಟೊ ಎಡಿಟಿಂಗ್ ಕೆಲಸಕ್ಕೆ ಕುಳಿತು ಇಪ್ಪತ್ತು ವರ್ಷ ದಾಟಿತ್ತು. ನಮ್ಮ ಯಜಮಾನರು ಕ್ಯಾಮೆರಾ ಹಿಡಿದು ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಊರೂರು ತಿರುಗುತ್ತಾರೆ. ನಾನು ಬಸ್ ನಿಲ್ದಾಣದ ಹಿಂದಿನ ಓಣಿಯ ಅಂಗಡಿಯಲ್ಲಿ ಕುಳಿತು ಅವರು ತಂದದ್ದಕ್ಕೆ ಬಣ್ಣ ಕೂರಿಸುತ್ತೇನೆ. ಆಲ್ಬಮ್ಮಿನ ಮೇಲೆ ಹೆಸರು ಅವರದೇ ಇರುತ್ತದೆ, ಇರಲಿ. ಬಣ್ಣ ಯಾರದು ಎಂದು ಕೇಳಿದರೆ ಮಾತ್ರ ಅವರು ನನ್ನ ಕಡೆ ಕೈ ತೋರಿಸಬೇಕು, ತೋರಿಸುತ್ತಾರೆ ಕೂಡ.

ಈಚೆಗೆ ಮದುವೆ ಕೆಲಸದ ಜೊತೆಗೆ ಸೀರೆಯ ಫೋಟೊಗಳ ಕೆಲಸವೂ ಬರತೊಡಗಿದೆ. ಊರ ತುಂಬ ಮಗ್ಗ. ಮೊದಲು ಸೀರೆಯ ಗಂಟು ಹೊತ್ತು ಅಂಗಡಿಗೆ ಹೋಗುತ್ತಿದ್ದರು, ಈಗ ಫೋಟೊ ಮುಂದೆ ಹೋಗುತ್ತದೆ, ಸೀರೆ ಹಿಂದೆ ಹೋಗುತ್ತದೆ. ಹಾಗೆ ಬಂದವರಲ್ಲಿ ಗಂಗಕ್ಕ ಒಬ್ಬಳು. ಗಂಡ ತೀರಿಕೊಂಡ ಮೇಲೆ ವರ್ಷಗಟ್ಟಲೆ ಸಾವುಕಾರರ ನೂಲು ತಂದು ಅವರಿಗೇ ನೇಯ್ದು ಕೊಟ್ಟವಳು. ನೇಯ್ದದ್ದು ತಾನು, ಹೆಸರು ಅವರದು. ಆಮೇಲೆ ಓಣಿಯ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಸ್ವಂತ ಮಗ್ಗ ಹೂಡಿದಳು. ಸೊಲ್ಲಾಪುರದ ಒಬ್ಬ ಅಂಗಡಿಕಾರ ನೇರವಾಗಿ ಅವಳಿಂದಲೇ ಸೀರೆ ಕೊಳ್ಳಲು ಒಪ್ಪಿದ್ದ. ಆ ಒಂದು ಅಂಗಡಿ ಕೈಬಿಟ್ಟರೆ ಎಲ್ಲರೂ ಮತ್ತೆ ಸಾವುಕಾರರ ಮಗ್ಗಕ್ಕೆ ಹೋಗಿ ಕೂರಬೇಕು. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಮಳೆಗಾಲದಲ್ಲಿ ಸಿಡಿಲು ಬಡಿದು ನನ್ನ ಹಳೆಯ ಕಂಪ್ಯೂಟರ್ ಸುಟ್ಟಿತು. ಬಾಗಲಕೋಟೆಯ ಡೀಲರ್ ವಿನಾಯಕ ಹೊಸ ಪ್ರೊಸೆಸರಿನ ಯಂತ್ರ ತೋರಿಸಿದ. ಬುತ್ತಿ ಡಬ್ಬಿಯಷ್ಟು ಗಾತ್ರ, ಬಿಸಿಯಾಗುವುದಿಲ್ಲ, ಫ್ಯಾನಿನ ಸದ್ದಿಲ್ಲ. ಜೊತೆಗೆ ದೊಡ್ಡ ಹೊಸ ಮಾನಿಟರ್.

"ನನ್ನ ಸಾಫ್ಟ್‌ವೇರ್ ಎಲ್ಲಾ ಇದರಾಗ ಓಡ್ತಾವೇನ್ರಿ?" ಎಂದು ಕೇಳಿದೆ.

"ಓಡ್ತಾವ್ರಿ ಮೇಡಂ. ಓಡೂದೇನು, ಹಾರ್ತಾವ," ಎಂದ.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಪ್ರೊಸೆಸರ್ ಎಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಭಾಗ. ಅದಕ್ಕೆ ತನ್ನದೇ ಆದ ಆಜ್ಞೆಗಳ ಭಾಷೆ ಇರುತ್ತದೆ. ಇಷ್ಟು ವರ್ಷ ನಮ್ಮ ಮೇಜಿನ ಮೇಲಿದ್ದ ಯಂತ್ರಗಳದು ಒಂದು ಭಾಷೆ, ಈ ಹೊಸದರದು ಮೊಬೈಲಿನಲ್ಲಿರುವ ಜಾತಿಯ ಬೇರೆ ಭಾಷೆ. ಹಳೆಯ ಭಾಷೆಯಲ್ಲಿ ಬರೆದ ಸಾಫ್ಟ್‌ವೇರನ್ನು ಹೊಸದರ ಮೇಲೆ ಓಡಿಸಲು ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಎಮ್ಯುಲೇಶನ್ ಎನ್ನುತ್ತಾರೆ. ದುಭಾಷಿ ಇದ್ದರೆ ಕೆಲಸ ಆಗುತ್ತದೆ, ಆದರೆ ಪ್ರತಿ ಮಾತೂ ಎರಡು ಸಲ ಆಗುವುದರಿಂದ ಹೊತ್ತು ಹಿಡಿಯುತ್ತದೆ.

ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಹೊಸ ಭಾಷೆಯಲ್ಲೇ ಬಂದಿತ್ತು. ಅದು ನಿಜಕ್ಕೂ ಹಾರಿತು. ವಿನಾಯಕ ಸುಳ್ಳು ಹೇಳಿರಲಿಲ್ಲ. ಆದರೆ ಮೊದಲ ದಿನವೇ ಎರಡು ತೊಡಕು ಕಂಡವು. ಸಣ್ಣ ಚೌಕಳಿಯ ಸೀರೆಯನ್ನು ಫೋಟೊ ತೆಗೆದರೆ ಬಟ್ಟೆಯಲ್ಲಿ ಇಲ್ಲದ ಅಲೆಗಳು ಚಿತ್ರದಲ್ಲಿ ಏಳುತ್ತವೆ. ಅದನ್ನು ಅಳಿಸಲು ನಾನು ಒಂದು ಪ್ಲಗಿನ್, ಅಂದರೆ ದೊಡ್ಡ ಸಾಫ್ಟ್‌ವೇರಿಗೆ ಜೋಡಿಸುವ ಸಣ್ಣ ಸಾಫ್ಟ್‌ವೇರ್, ಬಳಸುತ್ತಿದ್ದೆ. ಅದು ಮೆನುವಿನಲ್ಲಿ ಕಾಣಲೇ ಇಲ್ಲ. ಎರಡನೆಯದು ಬಣ್ಣ ಅಳೆಯುವ ಮೀಟರ್. ಮಾನಿಟರಿನ ಮೇಲೆ ಇಳಿಬಿಟ್ಟರೆ ಪರದೆ ಎಷ್ಟು ಕೆಂಪು, ಎಷ್ಟು ಹಸಿರು ತೋರಿಸುತ್ತಿದೆ ಎಂದು ಅಳೆದು, ತಪ್ಪಿದ್ದರೆ ತಿದ್ದಿಸುವ ಪುಟ್ಟ ಸಾಧನ. ಅದರ ಸಾಫ್ಟ್‌ವೇರ್ ತೆರೆದುಕೊಂಡಿತು, ಆದರೆ ಮೀಟರೇ ಸಿಗುತ್ತಿಲ್ಲ ಎಂದು ಹೇಳಿ ಸುಮ್ಮನಾಯಿತು. ಫೋನು ಮಾಡಿದರೆ ವಿನಾಯಕ, "ಮೀಟರಿನ ಡ್ರೈವರ್ ಸಾಫ್ಟ್‌ವೇರ್ ಬರ್ತೈತ್ರಿ, ಸ್ವಲ್ಪ ತಡೀರಿ," ಎಂದ.

ಗಂಗಕ್ಕನ ಫೋಟೊಗಳು ತಡೆಯುವಂತಿರಲಿಲ್ಲ. ಹೊಸ ಪರದೆಯ ಮೇಲೆ ಸೆರಗಿನ ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟು ಕೆಂಪು ಸೀರೆಯಲ್ಲಿ ಇರಲಿಲ್ಲ. ಸೀರೆಯನ್ನು ಪಕ್ಕದಲ್ಲಿಟ್ಟುಕೊಂಡು, ಎರಡೂ ಒಂದೇ ಕಾಣುವವರೆಗೆ ಕೆಂಪನ್ನು ತಗ್ಗಿಸಿ ಕಳಿಸಿದೆ.

ಎರಡು ವಾರ ಕಳೆಯುವುದರೊಳಗೆ ಗಂಗಕ್ಕ ಗಂಟು ಹೊತ್ತು ಬಂದಳು. ಗಂಟು ಬಿಚ್ಚಿ ಒಂದು ಸೀರೆಯ ಸೆರಗನ್ನು ನನ್ನ ಮೇಜಿನ ಮೇಲೆ ಹರಡಿದಳು. ಅದರ ಮೇಲೆ ತನ್ನ ಮೊಬೈಲ್ ಇಟ್ಟಳು. ಮೊಬೈಲಿನಲ್ಲಿ ನಾನು ಕಳಿಸಿದ ಫೋಟೊ. ಸೆರಗು ದಾಸವಾಳದ ಹಾಗಿತ್ತು, ಫೋಟೊ ಸುಟ್ಟ ಇಟ್ಟಂಗಿಯ ಹಾಗೆ ಮಂಕಾಗಿತ್ತು.

"ಗಿರಾಕಿ ವಾಪಸ್ ಕಳಿಸ್ಯಾರವ್ವ. ಫೋಟೊದಾಗ ಒಂದು ಬಣ್ಣ, ಕೈಯಾಗ ಒಂದು ಬಣ್ಣ ಅಂತ," ಎಂದಳು. ಸೆರಗಿನ ಮೇಲಿಂದ ಮೊಬೈಲ್ ಎತ್ತಿಕೊಂಡಳು. "ಸೀರಿ ನಂದು. ಫೋಟೊ ನಂದಲ್ಲ."

ಅವಳು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ನನ್ನ ಬಾಯೇನು ಕಡಿಮೆಯದಲ್ಲ. ಅವಳು ಬೈಯಲಿಲ್ಲ. ಅದೇ ನನಗೆ ಹೆಚ್ಚು ತಟ್ಟಿತು. ಅವಳಿಂದಲೇ ಸೊಲ್ಲಾಪುರಕ್ಕೆ ಫೋನು ಹಚ್ಚಿಸಿ ಸ್ಪೀಕರ್ ಹಾಕಿಸಿದೆ. ಅಂಗಡಿಕಾರ ಮರ್ಯಾದಸ್ಥ, ಆದರೆ ವ್ಯಾಪಾರಸ್ಥ. "ಗಂಗಕ್ಕಾ, ಮಾಲು ಚಲೋ ಅದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಗಿರಾಕಿ ನೋಡೂದು ಫೋಟೊ. ಗೌರಿ ಹಬ್ಬದ ಸೀರಿಗಿ ಬರೂ ಬುಧವಾರದ ಒಳಗ ಹೊಸ ಫೋಟೊ ಬೇಕು. ಈ ಸಲನೂ ಬಣ್ಣ ತಪ್ಪಿದ್ರ ನಾ ಬ್ಯಾರೆ ಕಡೆ ನೋಡ್ತೀನಿ."

ಗಂಗಕ್ಕ ಫೋನು ಮುಚ್ಚಿ ಸೀರೆ ಮಡಚತೊಡಗಿದಳು. ನಾನು ಹೇಳಿದೆ: "ಮಡಚಬ್ಯಾಡ ಅಕ್ಕಾ. ಇದೊಂದು ಸೀರಿ ಇಲ್ಲೇ ಇರಲಿ. ಬುಧವಾರದೊಳಗ ನಾ ಈ ಕೆಂಪು ಹಿಡಿದು ಕೊಡ್ತೇನಿ."

ಹೇಳುವಾಗ ಹೇಗೆ ಹಿಡಿಯುವುದು ಎಂದು ನನಗೆ ಗೊತ್ತಿರಲಿಲ್ಲ. ಹಿಡಿಯದೆ ಬಿಡುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಆ ಸಂಜೆ ಕುಳಿತು ಕಾರಣ ಹುಡುಕಿದೆ. ಮೊದಲು ನನ್ನ ಕಣ್ಣನ್ನೇ ಅನುಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಮಾತು ನನಗೆ ಬೇಡ. ಯಜಮಾನರ ಮೊಬೈಲ್, ಪಕ್ಕದ ಔಷಧದ ಅಂಗಡಿಯವರ ಮೊಬೈಲ್, ಎಲ್ಲದರಲ್ಲೂ ಅದೇ ಫೋಟೊ ಇಟ್ಟಂಗಿಯೇ. ನನ್ನ ಪರದೆಯಲ್ಲಿ ಮಾತ್ರ ಅದು ಸರಿಯಾದ ಕೆಂಪು. ಅಲ್ಲಿಗೆ ವಿಷಯ ಬಯಲಾಯಿತು. ಹೊಸ ಮಾನಿಟರ್ ಕೆಂಪನ್ನು ಇದ್ದದ್ದಕ್ಕಿಂತ ಏರಿಸಿ ತೋರಿಸುತ್ತಿದೆ. ನಾನು ಪರದೆ ನಂಬಿ ತಗ್ಗಿಸುತ್ತಿದ್ದೇನೆ. ಜನರ ಮೊಬೈಲಿನಲ್ಲಿ ಆ ಏರಿಕೆ ಇಲ್ಲ, ತಗ್ಗಿಸಿದ್ದು ಮಾತ್ರ ಉಳಿಯುತ್ತದೆ. ಮೀಟರ್ ಕೆಲಸ ಮಾಡಿದ್ದರೆ ಇದು ಮೊದಲ ದಿನವೇ ತಿಳಿಯುತ್ತಿತ್ತು.

ಮರುದಿನ ಮಾನಿಟರನ್ನು ಕೌದಿಯಲ್ಲಿ ಸುತ್ತಿ, ಡಬ್ಬಿ ಕಂಪ್ಯೂಟರನ್ನೂ ಮೀಟರನ್ನೂ ಗಂಗಕ್ಕನ ಸೀರೆಯನ್ನೂ ಚೀಲಕ್ಕೆ ಹಾಕಿ ಬಾಗಲಕೋಟೆ ಬಸ್ ಹತ್ತಿದೆ. "ತಡೀ, ಆದಿತ್ಯವಾರ ಕಾರಿನಾಗ ಹೋಗೂಣು," ಎಂದರು ಯಜಮಾನರು. ಆದಿತ್ಯವಾರದವರೆಗೆ ಕಾಯುವ ವ್ಯವಧಾನ ಯಾರಿಗಿತ್ತು? ಕಂಡಕ್ಟರ್ ಕೌದಿಯ ಗಂಟು ನೋಡಿ, ಕೂಸಿಗೆ ಒಯ್ಯುವ ಹಾಸಿಗೆ ಎಂದುಕೊಂಡು, "ಬಾಣಂತಿ ನೋಡಾಕ ಹೊಂಟೀರೇನ್ರಿ?" ಎಂದು ಕೇಳಿದ. ಹೌದಪ್ಪ ಎಂದೆ. ಹುನಗುಂದ, ಕಮತಗಿ ದಾಟುವಾಗ ರಸ್ತೆಯ ಒಂದೊಂದು ಕುಣಿಗೂ ಆ ಗಂಟನ್ನು ಅಪ್ಪಿ ಹಿಡಿದುಕೊಂಡಿದ್ದೆ.

ವಿನಾಯಕ ಒಳ್ಳೆಯ ಮನುಷ್ಯ, ಮಾತು ಮಾತ್ರ ಒಂದು ಮೊಳ ಹೆಚ್ಚು. ಯಂತ್ರ ವಾಪಸ್ ತೆಗೆದುಕೋ, ಹಳೆಯ ಜಾತಿಯದು ಕೊಡು ಎಂದೆ. ಅವನು ಕಂಪನಿಗೆ ಕೇಳಬೇಕು, ಒಪ್ಪಿದರೂ ಹಬ್ಬ ಮುಗಿಯುತ್ತದೆ ಎಂದ. ಮೀಟರ್ ಯಾಕೆ ಓಡುವುದಿಲ್ಲ ಎಂದು ಕೇಳಿದೆ. ಅವನೂ ಅಷ್ಟರಲ್ಲಿ ಓದಿ ತಿಳಿದುಕೊಂಡಿದ್ದ. ಸಾಫ್ಟ್‌ವೇರಿಗೆ ದುಭಾಷಿ ಸಾಕು. ಆದರೆ ಹೊರಗಿನ ಸಾಧನವನ್ನು ಮಾತಾಡಿಸುವ ಡ್ರೈವರ್ ಕಂಪ್ಯೂಟರಿನ ಒಳಮನೆಯಲ್ಲಿ ಕೂರುತ್ತದೆ, ಅಲ್ಲಿಗೆ ದುಭಾಷಿಗೆ ಪ್ರವೇಶ ಇಲ್ಲ. ಡ್ರೈವರನ್ನು ಹೊಸ ಭಾಷೆಯಲ್ಲೇ ಬರೆಯಬೇಕು. ಮೀಟರ್ ಮಾಡಿದವರು ಇನ್ನೂ ಬರೆದಿರಲಿಲ್ಲ.

ಅವನ ಬೆಂಚಿನ ಮೇಲೆ ರಿಪೇರಿಗೆ ಬಂದ ಒಂದು ಹಳೆಯ ಕಂಪ್ಯೂಟರ್ ಓಡುತ್ತಿತ್ತು. ಅದನ್ನು ನೋಡುತ್ತಲೇ ನನಗೆ ನಮ್ಮೂರ ಮಗ್ಗ ನೆನಪಾಯಿತು. ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಹಾಸು ಒಂದೇ ಅಲ್ಲ. ಹಾಸು ಎಂದರೆ ಮಗ್ಗದ ಉದ್ದಕ್ಕೆ ಹಿಡಿಯುವ ನೂಲು. ಒಡಲಿನದು ಬೇರೆಯಾಗಿ ತಯಾರಾಗುತ್ತದೆ, ಸೆರಗಿನ ರೇಷ್ಮೆಯದು ಬೇರೆಯಾಗಿ ತಯಾರಾಗುತ್ತದೆ. ಆಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿ ನೇಯುತ್ತಾರೆ. ಎಲ್ಲವೂ ಒಂದೇ ಕಡೆ ಆಗಬೇಕು ಎಂದು ನಮ್ಮೂರಲ್ಲಿ ಯಾರೂ ಹಟ ಹಿಡಿಯುವುದಿಲ್ಲ. ಹಾಗಿದ್ದ ಮೇಲೆ ಅಳೆಯುವ ಕೆಲಸ ನನ್ನ ಯಂತ್ರದಲ್ಲೇ ಆಗಬೇಕು ಎಂದು ನಾನೇಕೆ ಕುಳಿತಿದ್ದೇನೆ?

"ವಿನಾಯಕ, ಮೀಟರ್ ಅಳದ ಮ್ಯಾಲೆ ಕಡೀಕ ಏನು ಕೊಡ್ತೈತಿ?"

"ಪರದೆ ಎಷ್ಟು ತಪ್ಪೈತಿ, ಎಷ್ಟು ತಿದ್ದಬೇಕು ಅನ್ನೂ ಪ್ರೊಫೈಲ್ ಅಂತ ಒಂದು ಫೈಲ್ ಕೊಡ್ತೈತ್ರಿ."

"ಆ ಫೈಲಿಗೂ ಡ್ರೈವರ್ ಬೇಕೇನು? ಅದಕ್ಕೂ ಪ್ರೊಸೆಸರ್ ಭಾಷಾ ಐತೇನು?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಇಲ್ರಿ. ಅದು ಬರೇ ಅಂಕಿ. ಯಾವುದ್ರಾಗ ಹಾಕಿದ್ರೂ ಓದ್ತೈತಿ." ಬೆಂಚಿನ ಮೇಲಿನದನ್ನೂ ನನ್ನ ಚೀಲವನ್ನೂ ತೋರಿಸಿ ಹೇಳಿದ, "ಆದ್ರ ಮೇಡಂ, ಎರಡೂ ಕಂಪ್ಯೂಟರಿನ ಗ್ರಾಫಿಕ್ಸ್ ಬ್ಯಾರೆ. ನೂರಕ್ಕ ನೂರು ಬರಂಗಿಲ್ಲ."

"ತೊಂಬತ್ತು ಬರಲಿ. ಉಳಿದ ಹತ್ತು ನನ್ನ ಕಣ್ಣು ನೋಡ್ಕೋತಾವ. ಆ ಬೆಂಚ್ ಖಾಲಿ ಮಾಡು."

ಕೌದಿ ಬಿಚ್ಚಿ ನನ್ನ ಮಾನಿಟರನ್ನು ಅವನ ಹಳೆಯ ಕಂಪ್ಯೂಟರಿಗೆ ಜೋಡಿಸಿದೆವು. ಮೀಟರಿನ ಸಾಫ್ಟ್‌ವೇರ್ ಹಾಕಿದೆವು. ಸಿಕ್ಕಿತು ಮೀಟರ್. ಪರದೆಯ ಮೇಲೆ ಅದನ್ನು ಇಳಿಬಿಟ್ಟರೆ ಬಣ್ಣದ ಚೌಕಗಳು ಒಂದರ ಹಿಂದೆ ಒಂದು ಬಂದು ಹೋದವು. ಕೊನೆಗೆ ಬಂದ ವರದಿಯಲ್ಲಿ ನನ್ನ ಅನುಮಾನ ಅಚ್ಚಾಗಿತ್ತು, ಪರದೆ ಕೆಂಪನ್ನು ಮಿತಿಮೀರಿ ಏರಿಸುತ್ತಿತ್ತು. ಪ್ರೊಫೈಲ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಅದನ್ನು ಅಲ್ಲೇ ನನ್ನ ಹೊಸ ಡಬ್ಬಿಗೆ ಸೇರಿಸಿ, ಅದೇ ಮಾನಿಟರಿಗೆ ಹಚ್ಚಿ ನೋಡಿದೆ. ಚೀಲದಿಂದ ಗಂಗಕ್ಕನ ಸೀರೆ ತೆಗೆದು ಪಕ್ಕಕ್ಕೆ ಹಿಡಿದೆ. ಕಣ್ಣಿಗೆ ಹೊಡೆಯುತ್ತಿದ್ದ ಪರದೆ ತಣ್ಣಗಾಗಿತ್ತು, ಮತ್ತು ನಾನು ತಿದ್ದಿದ ಫೋಟೊ ಈಗ ನನಗೂ ಇಟ್ಟಂಗಿಯಾಗಿಯೇ ಕಂಡಿತು. ತಪ್ಪು ಕಣ್ಣೆದುರು ಕಂಡದ್ದಕ್ಕೆ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಇನ್ನು ಉಳಿದದ್ದು ಪ್ಲಗಿನ್. ಅದಕ್ಕೂ ಕೆಲಸವನ್ನು ಎರಡು ಭಾಗ ಮಾಡುವ ಇದೇ ದಾರಿ ಹಿಡಿದೆ. ಎಡಿಟಿಂಗ್ ಸಾಫ್ಟ್‌ವೇರನ್ನು ಬೇಕೆಂದೇ ದುಭಾಷಿಯ ಮೂಲಕ ತೆರೆದರೆ, ಹಳೆಯ ಭಾಷೆಯ ಪ್ಲಗಿನ್ ಮೆನುವಿನಲ್ಲಿ ಕಾಣುತ್ತಿತ್ತು. ಆದರೆ ನಿಧಾನ ಎಂದರೆ ನಿಧಾನ. ಒಂದು ಫೋಟೊದ ಅಲೆ ಅಳಿಸಲು ಕೊಟ್ಟು ಚಹಾ ಕುದಿಸಿ ಸೋಸಿಕೊಂಡು ಬಂದರೂ ಅದು ಮುಗಿದಿರುತ್ತಿರಲಿಲ್ಲ. ಹೀಗಾಗಿ ಅಲೆ ಅಳಿಸುವ ಕೆಲಸ ಮಾತ್ರ ಹಾಗೆ ಮಾಡಿ, ಮುಚ್ಚಿ, ಸಾಫ್ಟ್‌ವೇರನ್ನು ಹೊಸ ಭಾಷೆಯಲ್ಲಿ ತೆರೆದು ಬಣ್ಣದ ಕೆಲಸ ಮಾಡಿದೆ. ಯಜಮಾನರು ಗೌರಿ ಹಬ್ಬದ ಸೀರೆಗಳ ಫೋಟೊಗಳನ್ನೆಲ್ಲ ಬೆಳಗಿನ ಬೆಳಕಿನಲ್ಲಿ ಹೊಸದಾಗಿ ತೆಗೆದುಕೊಟ್ಟರು. ಆ ವಾರ ಬಂದ ಒಂದು ಕುಬಸದ ಆಲ್ಬಮ್ಮನ್ನು ಪಕ್ಕಕ್ಕಿಟ್ಟೆ. ಆ ಬಸುರಿಯ ಅತ್ತೆಯಿಂದ ಮಾತು ಕೇಳಿಸಿಕೊಂಡೆ. ಕೇಳಿಸಿಕೊಂಡು ಗಂಗಕ್ಕನ ಫೋಟೊಗಳಿಗೇ ಕುಳಿತೆ.

ಮಂಗಳವಾರ ಹುನಗುಂದದ ಲ್ಯಾಬಿನಿಂದ ಸೆರಗಿನ ಒಂದು ಪ್ರಿಂಟ್ ಬಸ್ಸಿನಲ್ಲಿ ತರಿಸಿ ಗಂಗಕ್ಕನನ್ನು ಕರೆಸಿದೆ. ಮೊಬೈಲಿನಲ್ಲಿ ತೋರಿಸಿದೆ. ಮೊಬೈಲನ್ನು ಪಕ್ಕಕ್ಕೆ ಸರಿಸಿದಳು. ಪ್ರಿಂಟ್ ಕೈಗೆ ಕೊಟ್ಟೆ. ಅವಳು ಅದನ್ನೂ ಸೀರೆಯನ್ನೂ ಎತ್ತಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಳು. ನೇಯುವವರು ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ಒಪ್ಪುವುದಿಲ್ಲ. ಬಿಸಿಲಿನಲ್ಲಿ ತೊಡೆಯ ಮೇಲೆ ಸೆರಗು ಹಾಸಿ, ಅದರ ಮೇಲೆ ಪ್ರಿಂಟ್ ಇಟ್ಟು ಅಂಗೈಯಿಂದ ಸವರಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪ್ರಿಂಟ್ ಎತ್ತಿಕೊಡಲು ಹೋದವಳಿಗೆ ಅದರ ಅಂಚು ಸೆರಗಿನ ಕೆಂಪಿನಲ್ಲಿ ಥಟ್ಟನೆ ಕಾಣಲಿಲ್ಲ. ಬೆರಳ ತುದಿಯಿಂದ ತಡವಿ ಹುಡುಕಿದಳು.

"ಹೂಂ," ಎಂದಳು. "ಈಗ ನಂದು."

ಅಂದೇ ಫೋಟೊಗಳು ಸೊಲ್ಲಾಪುರಕ್ಕೆ ಹೋದವು. ಗೌರಿ ಹಬ್ಬಕ್ಕೆ ಸೀರೆ ಹೋದವು, ಒಂದೂ ತಿರುಗಿ ಬರಲಿಲ್ಲ. ಗಂಗಕ್ಕನ ಓಣಿಯ ಮಗ್ಗಗಳು ಈಗಲೂ ಅವರವರ ಮನೆಯಲ್ಲೇ ಸದ್ದು ಮಾಡುತ್ತಿವೆ. ಮೀಟರಿನ ಡ್ರೈವರ್ ಹಲವು ತಿಂಗಳ ಮೇಲೆ ಬಂತು. ಹೊಸ ಯಂತ್ರದ ಮೇಲೆ ನನಗೆ ಸಿಟ್ಟೇನಿಲ್ಲ, ಇದನ್ನು ಬರೆಯುತ್ತಿರುವುದೂ ಅದರಲ್ಲೇ.

ಈ ಪ್ರಸಂಗದಿಂದ ನಾನು ಎರಡು ಪಾಠ ಕಲಿತೆ. ಹೊಸ ಯಂತ್ರ ಕೊಳ್ಳುವಾಗ ಈಗ ನಾನು ಅದರ ವೇಗ ಕೇಳುವುದಿಲ್ಲ. ನನ್ನ ಹಳೆಯ ಸಾಮಾನುಗಳನ್ನೆಲ್ಲ ಚೀಲದಲ್ಲಿ ಒಯ್ದು, ಒಂದೊಂದನ್ನೂ ಅಲ್ಲೇ ಹಚ್ಚಿ ತೋರಿಸು ಎನ್ನುತ್ತೇನೆ. ವಿನಾಯಕ ನನ್ನನ್ನು ಕಂಡೊಡನೆ ಈಗ ಬೆಂಚು ಖಾಲಿ ಮಾಡುತ್ತಾನೆ. ಇನ್ನೊಂದು ಪಾಠ ನನ್ನ ಕೆಲಸದ್ದು. ಮೀಟರ್ ಸರಿ ಎಂದರೂ, ನನ್ನ ಕಣ್ಣು ಸರಿ ಎಂದರೂ, ಸೀರೆಯ ಯಾವ ಫೋಟೊವನ್ನೂ ನಾನು ನೇರವಾಗಿ ಕಳಿಸುವುದಿಲ್ಲ. ನೇಯ್ದವರನ್ನು ಕರೆಸಿ, ಪ್ರಿಂಟ್ ಕೈಗೆ ಕೊಟ್ಟು, ಕಟ್ಟೆಗೆ ಕಳಿಸಿ ಕೇಳುತ್ತೇನೆ: "ನೋಡ್ರಿ, ಇದು ನಿಮ್ದ ಹೌದೇನು?"