ಮೊದಲನೇ ‘ಬೇಡ’

ಹೋದ ಶನಿವಾರ ಮಧ್ಯಾಹ್ನ ನಾನು ನನ್ನ ಒಡಹುಟ್ಟಿದ ಅಣ್ಣನ ತಿಂಗಳುಗಟ್ಟಲೆಯ ತಪಸ್ಸು ಕೆಡಿಸಲು ಹೊರಟಿದ್ದೆ. ಅದೂ ನಗುನಗುತ್ತಾ. ಅದೂ ಪ್ರೀತಿಯಿಂದ. ಒಂದು ಪುಟ್ಟ ಗ್ಲಾಸನ್ನು ಅವನ ಮುಂದೆ ತಳ್ಳಿ, “ಒಂದೇ ಒಂದು ಗುಟುಕು ಕಣೋ” ಎಂದು ಗೋಗರೆಯುತ್ತಾ.

ಅಣ್ಣ ಕುಡಿತ ಬಿಟ್ಟಿದ್ದ. ಆ ಟೇಬಲ್ಲಿನ ಸುತ್ತ ಕೂತಿದ್ದ ಮೂವರಲ್ಲಿ ಇಬ್ಬರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದ ಮೂರನೆಯವಳು ನಾನು. ಆದರೆ ತಿಳಿಯದೆ ಮುಟ್ಟಿದರೆ ಬೆಂಕಿ ಸುಡುವುದಿಲ್ಲವೇ?

ಈ ಅಂಕಣಕ್ಕೆ ಹೊಸಬರಾದವರಿಗಾಗಿ ಸ್ವಲ್ಪ ಹಿನ್ನೆಲೆ. ಅಮೆರಿಕದ ಸನ್ನಿವೇಲ್‌ನಲ್ಲಿ ಹದಿನಾರು ವರ್ಷ ಸಂಸಾರ ಮಾಡಿ ಮೈಸೂರಿಗೆ ವಾಪಸಾದವಳು ನಾನು. ಅಣ್ಣ ಅಲ್ಲೇ ಉಳಿದ. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ನನಗಿರುವುದು ಅವನ ಮನೆಯೊಂದೇ. ಆದ್ದರಿಂದ ನಾನು “ಊರಿಗೆ ಹೋಗ್ತಿದ್ದೀನಿ” ಎಂದರೆ ಪಕ್ಕದ ಮನೆಯವರು ನಂಜನಗೂಡೋ ಹಾಸನವೋ ಅಂದುಕೊಳ್ಳುತ್ತಾರೆ. ನಾನು ವೀಸಾ ಹುಡುಕುತ್ತಿರುತ್ತೇನೆ.

ತವರಿಗೆ ಹೋದ ಹೆಣ್ಣುಮಗಳಿಗೆ ಅಲ್ಲಿ ಏನೋ ಒಂದು ಕಾದಿರಬೇಕು. ಕೆಲವರಿಗೆ ಸೀರೆ, ಕೆಲವರಿಗೆ ಹಪ್ಪಳ ಸಂಡಿಗೆ. ನನಗೆ ಬಿಯರು. (ಗೊತ್ತು, ಈ ವಾರ ನಿಮ್ಮಲ್ಲಿ ಕೆಲವರು ಸಂಪಾದಕರಿಗೆ ಪತ್ರ ಬರೆಯುತ್ತೀರಿ. ಬರೆಯಿರಿ.) ದೊಡ್ಡ ಫ್ಯಾಕ್ಟರಿಯ ಬಿಯರಲ್ಲ. ಅಲ್ಲಿಯ ಸಣ್ಣ ಸಣ್ಣ ತಯಾರಕರು ತಾವೇ ಕುದಿಸಿ, ಹುದುಗು ಬರಿಸಿ, ತಮಗೆ ತೋಚಿದ ಹಣ್ಣೋ ಕಾಳೋ ಹಾಕಿ ಮಾಡುವ ಕ್ರಾಫ್ಟ್ ಬಿಯರು. ಪ್ರತಿ ಸಲವೂ ಹೊಸದನ್ನು ಆರಿಸಿ, ರುಚಿ ನೋಡಿ, ಜಗಳವಾಡುವುದು ನನ್ನ ಮತ್ತು ಅಣ್ಣನ ಹಳೆಯ ಪದ್ಧತಿ.

ಈ ಸಲವೂ ಮೈಸೂರಿನಲ್ಲೇ ಕೂತು ಆರಿಸಿದ್ದೆ. ಸೀಬೆಹಣ್ಣಿನ ಹುಳಿ ಬಿಯರು. ಮಜ್ಜಿಗೆಯಂತೆ ಮಬ್ಬಾಗಿರುವ ಹೇಜಿ ಐಪಿಎ. ಕಾಫಿಬೀಜ ಹಾಕಿದ ಕಪ್ಪು ಸ್ಟೌಟು. ಎಲ್ಲವನ್ನೂ ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಬಂದದ್ದು ಒಂದು ಹೆಬ್ಬೆರಳು ಮಾತ್ರ. ಮೊದಲೆಲ್ಲ “ಅದು ಬೇಡ, ಬರೀ ಕಹಿ, ನಿಂಗೇನ್ ಗೊತ್ತು” ಎಂದು ಪುಟಗಟ್ಟಲೆ ಬರೆಯುತ್ತಿದ್ದವನು! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಲ್ಲಿಗೆ ಹೋದ ಮೇಲೂ ಬರಬೇಕಿತ್ತು. ಸಂಜೆಯಾದರೆ ಅಣ್ಣ “ಮೀಟಿಂಗಿದೆ” ಎಂದು ಹೊರಡುತ್ತಿದ್ದ. “ಈ ವಯಸ್ಸಲ್ಲಿ ಎಂಥಾ ಮೀಟಿಂಗೋ?” ಎಂದು ರೇಗಿಸಿದೆ. ಅತ್ತಿಗೆ ಎದ್ದು ಒಳಗೆ ಹೋದರು. ಒಲೆಯ ಮೇಲೆ ಏನೋ ಇದೆ ಅಂದುಕೊಂಡೆ.

ಶನಿವಾರ ಬಿಯರು ತಯಾರಿಸುವ ಜಾಗಕ್ಕೆ ಹೊರಟು ನಿಂತಾಗ ಅಣ್ಣನ ಮಗಳು ಅನಘಾ ಕಾರಿನ ಕೀ ಎತ್ತಿಕೊಂಡಳು. “ಐ ವಿಲ್ ಡ್ರೈವ್.” ಇಪ್ಪತ್ತಮೂರರ ಹುಡುಗಿ, ಹಿಂದೆಂದೂ ನಮ್ಮೊಡನೆ ಬಂದವಳಲ್ಲ. ಫ್ರೀವೇಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅಣ್ಣ ಕನ್ನಡಕ ತೆಗೆಯುವುದು, ಒರೆಸುವುದು, ಹಾಕಿಕೊಳ್ಳುವುದು, ಮತ್ತೆ ತೆಗೆಯುವುದು. ಅವಳು ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. “ಅಪ್ಪಾ, ಯು ಓಕೆ?” ಎಂದಳು. ನಾನು ಏಸಿ ಜಾಸ್ತಿ ಮಾಡಿದೆ. ಎಂಥ ಬುದ್ಧಿವಂತೆ!

ಜಾಗ ಗೋದಾಮಿನಂಥದ್ದು. ಒಳಗೆ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳು, ಹೊರಗೆ ಬೆಂಚುಗಳು, ನಾಯಿಗಳು, ತಳ್ಳುಗಾಡಿಯಲ್ಲಿ ಮಲಗಿದ ಮಕ್ಕಳು. ನಾಲ್ಕು ಬಗೆಯ ಬಿಯರನ್ನು ನಾಲ್ಕು ಪುಟ್ಟ ಗ್ಲಾಸಿನಲ್ಲಿ ಸುರಿದು ಮರದ ಹಲಗೆಯ ಮೇಲಿಟ್ಟು ಕೊಡುತ್ತಾರೆ. ನಾಲ್ಕನೆಯದನ್ನು ಆರಿಸು ಎಂದರೆ ಅಣ್ಣ ಬೋರ್ಡಿನ ಕಡೆ ತಲೆಯೆತ್ತಲಿಲ್ಲ. “ನಂಗೆ ಸೋಡಾ ಸಾಕು” ಎಂದ.

ಸಂಕೋಚ ಅಂದುಕೊಂಡೆ. ಹಲಗೆ ತಂದಿಟ್ಟು, ಮೊದಲ ಗ್ಲಾಸನ್ನು ಅವನತ್ತ ಸರಿಸಿದೆ.

“ತಗೋ. ಸೀಬೆಹಣ್ಣಿಂದು. ನಿಂಗೆ ಅಂತಲೇ ಆರಿಸಿದ್ದು.”

“ಬೇಡ ಕಣೇ. ನೀನು ಕುಡಿ.”

ಈಗ ಹೇಳಿ, ನಮ್ಮಲ್ಲಿ ಮೊದಲನೇ ‘ಬೇಡ’ವನ್ನು ಯಾರಾದರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರಾ? ಮೊದಲನೆಯದು ಸಂಕೋಚಕ್ಕೆ. ಎರಡನೆಯದು ಮರ್ಯಾದೆಗೆ. ಮೂರನೆಯದನ್ನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳಬೇಕು. ಆಗಲೂ ಬೆರಳ ಸಂದಿಯಲ್ಲಿ ಪಾಯಸ ಬಿಡುವ ಚಿಕ್ಕಮ್ಮಂದಿರ ಮಧ್ಯೆ ಬೆಳೆದವಳು ನಾನು. ಒಂದೇ ಸಲಕ್ಕೆ ಸುಮ್ಮನಾದರೆ “ಬಾಯುಪಚಾರ ಮಾಡಿದಳು” ಎಂಬ ಮಾತು ಬರುತ್ತದೆ.

“ಅಯ್ಯೋ, ಒಂದೇ ಗುಟುಕು. ಅಷ್ಟು ದೂರದಿಂದ ಬಂದಿದ್ದೀನಿ!”

“ಬೇಡಮ್ಮಾ. ಹೊಟ್ಟೆ ಸರಿಯಿಲ್ಲ.”

ನಾನು ನಕ್ಕೆ. ಮದುವೆ ಮನೆಯಲ್ಲಿ ಹೊಟ್ಟೆ ಸರಿಯಿಲ್ಲ ಅಂದವರ ಎಲೆಗೆ ಇನ್ನೆರಡು ಚಿರೋಟಿ ಬಡಿಸಿದ ವಂಶ ನಮ್ಮದು. ಹಾಗಾಗಿ ಮೂರನೇ ಸಲಕ್ಕೆ ಕೊನೆಯ ಅಸ್ತ್ರ ತೆಗೆದೆ.

“ನಂಗೆ ತವರು ಅಂತ ಇರೋದು ನೀನೊಬ್ಬ. ನನ್ನ ಜೊತೆ ಒಂದು ಗ್ಲಾಸು ಮುಟ್ಟಲ್ವೇನೋ?”

ಅಣ್ಣ ಗ್ಲಾಸನ್ನು ನೋಡಿದ. ನನ್ನನ್ನು ನೋಡಿದ. ತೆಗೆದುಕೊಂಡ. ಹಲಗೆಯ ಮೇಲೆ ಬಿಯರು ಚೆಲ್ಲಿತು. ಆಗಲೂ ನನಗೆ ಹೊಳೆಯಲಿಲ್ಲ ನೋಡಿ! ನನ್ನ ಗ್ಲಾಸೆತ್ತಿ “ಚಿಯರ್ಸ್” ಎಂದೆ.

“ಅತ್ತೆ, ಹೀ ಸೆಡ್ ನೋ.”

ಅನಘಾ ದನಿ ಏರಿಸಿರಲಿಲ್ಲ. ಆದರೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷಿನಲ್ಲಿ ಬರುತ್ತದೆ. ಅಂಥವಳು ನನ್ನ ಮುಖ ನೋಡಿಕೊಂಡು, ಒಂದೊಂದೇ ಪದ ಹುಡುಕಿ ಹೇಳಿದಳು. “ಅಪ್ಪ ಬೇಡ ಹೇಳಿದ್ರು. ಎರಡು ಸಲ ಹೇಳಿದ್ರು. ನೀವು ಯಾಕೆ ಮತ್ತೆ ಕೇಳ್ತೀರಾ?”

ಅಣ್ಣನ ಗ್ಲಾಸು ಇನ್ನೂ ಗಾಳಿಯಲ್ಲೇ ಇತ್ತು. ತುಟಿಯಿಂದ ಗೇಣು ದೂರ. ಅವನು ಅದನ್ನು ಕೆಳಗಿಡಲಿಲ್ಲ. ಅವಳು ಕಿತ್ತುಕೊಳ್ಳಲೂ ಇಲ್ಲ. “ಅಪ್ಪಾ” ಎಂದು ಮಾತ್ರ ಕರೆದು, ತನ್ನ ಅಂಗೈಯನ್ನು ಟೇಬಲ್ಲಿನ ಮೇಲೆ ಬಿಚ್ಚಿಟ್ಟಳು. ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಭಯ. ಅದನ್ನು ಕಂಡ ಮೇಲೆ ನನಗೆ ಎಲ್ಲವೂ ಅರ್ಥವಾಯಿತು. ಫ್ರೀವೇಯುದ್ದಕ್ಕೂ ಒರೆಸಿದ ಕನ್ನಡಕ, ಸಂಜೆಯ ಮೀಟಿಂಗು, ವಾಟ್ಸಾಪಿನ ಹೆಬ್ಬೆರಳು. ಒತ್ತಾಯ ಮಾಡುವ ಮಾತು ಎಷ್ಟು ಬೇಕಾದರೂ ಗೊತ್ತಿರುವ ನಾಲಿಗೆಗೆ ಒತ್ತಾಯವನ್ನು ವಾಪಸು ತೆಗೆದುಕೊಳ್ಳುವ ಮಾತು ಗೊತ್ತಿರಲಿಲ್ಲ.

ಕೊನೆಗೆ ಅಣ್ಣ ಗ್ಲಾಸು ಇಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎದ್ದು ಹೊರಗೆ ಹೋದ.

ಉಳಿದದ್ದನ್ನು ಅನಘಾ ಹೇಳಿದಳು. ಲೇಆಫ್ ಆಗಿ ಕೆಲಸ ಹೋದ ಮೇಲೆ ಅಣ್ಣ ಗರಾಜಿನಲ್ಲಿ ಒಬ್ಬನೇ ಕೂತು ಕುಡಿಯಲು ಶುರು ಮಾಡಿದ್ದಂತೆ. ಬೆಳಗ್ಗೆಯೂ. ಒಂದು ದಿನ ಅವಳೇ ಆಸ್ಪತ್ರೆಗೆ ಸೇರಿಸಿದ್ದಂತೆ. ಮೀಟಿಂಗು ಎಂದರೆ ಕುಡಿತ ಬಿಟ್ಟವರು ಒಟ್ಟಿಗೆ ಕೂತು ಮಾತಾಡುವ ಮೀಟಿಂಗು. “ಅಮ್ಮ ಟೋಲ್ಡ್ ಮಿ ನಾಟ್ ಟು ಟೆಲ್ ಯು” ಎಂದಳು.

ಹೊರಗೆ ಅಣ್ಣ ಕಾರಿಗೆ ಒರಗಿ ನಿಂತಿದ್ದ.

“ಯಾಕೋ ನಂಗೆ ಹೇಳ್ಲಿಲ್ಲ?”

“ಹೇಳಿದ್ನಲ್ಲೇ, ಬೇಡ ಅಂತ.”

“ಕುಡಿದುಬಿಡ್ತಿದ್ಯಾ?”

“ಕುಡೀತಿದ್ದೆ ಕಣೇ” ಎಂದ, ನನ್ನ ಕಡೆ ನೋಡದೆ. “ನೀನು ತವರು ಅಂದುಬಿಟ್ಟೆ.”

ಪಾರ್ಕಿಂಗ್ ಲಾಟಿನಲ್ಲಿ ನಿಂತು ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ.

ಯೋಚನೆ ಮಾಡಿ. “ಷುಗರ್ ಇದೆ” ಅನ್ನಿ, ಬಡಿಸುವ ಕೈ ತಟ್ಟನೆ ಹಿಂದೆ ಹೋಗುತ್ತದೆ. “ಡಾಕ್ಟರು ಬೇಡ ಅಂದಿದ್ದಾರೆ” ಅನ್ನಿ, ಪಾಪ ಎನ್ನುತ್ತಾರೆ. “ಇವತ್ತು ಗುರುವಾರ” ಅಂದರೂ ನಡೆಯುತ್ತದೆ. ಡಾಕ್ಟರ ‘ಬೇಡ’ಕ್ಕೆ ಬೆಲೆಯಿದೆ, ದೇವರ ‘ಬೇಡ’ಕ್ಕೆ ಬೆಲೆಯಿದೆ. ಎದುರಿಗೆ ಕೂತ ಮನುಷ್ಯ ತನ್ನಷ್ಟಕ್ಕೆ ತಾನು ಬೇಡ ಅಂದರೆ ಮಾತ್ರ ನಮಗೆ ಸಾಲದು. ಕಾರಣ ಕೊಡಬೇಕು. ಅಣ್ಣ ಕೊಡಬೇಕಾಗಿದ್ದ ಕಾರಣ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಲಿವರ್ ಕೆಟ್ಟಿದ್ದರೆ ನೆಂಟರಿಗೆಲ್ಲ ಫೋನು ಹೋಗುತ್ತಿತ್ತು. ಇದನ್ನು ಗರಾಜಿನಲ್ಲೇ ಮುಚ್ಚಿಟ್ಟರು, ನನ್ನಿಂದಲೂ.

ಬಿಯರು? ನಾಲ್ಕೂ ಗ್ಲಾಸು ಹಾಗೇ ಬಿಟ್ಟು ಬಂದೆವು. ಸೀಬೆಹಣ್ಣಿನದು ಹೇಗಿತ್ತೆಂದು ದಯವಿಟ್ಟು ಕೇಳಬೇಡಿ.

ಮರುದಿನ ಮಧ್ಯಾಹ್ನ ಅತ್ತಿಗೆ ಹೋಳಿಗೆ ಮಾಡಿದರು. ಯಾರೂ ಆ ವಿಷಯ ಎತ್ತಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಬಡಿಸಲು ಅಣ್ಣನೇ ನಿಂತ. ನನ್ನ ತಟ್ಟೆಯ ಹತ್ತಿರ ಬಂದು “ಇನ್ನೊಂದು ಹಾಕ್ಲಾ?” ಎಂದ.

“ಬೇಡ” ಎಂದೆ.

ಅಣ್ಣ ನನ್ನ ಮುಖ ನೋಡಿದ. ಅನಘಾ ನನ್ನ ಮುಖ ನೋಡಿದಳು. ಅಣ್ಣ ಹೋಳಿಗೆಯ ತಟ್ಟೆಯನ್ನು ಹಿಂದಕ್ಕೆ ಎತ್ತಿಕೊಂಡು ಸೀದಾ ಅಡುಗೆಮನೆಗೆ ಹೋಗಿಬಿಟ್ಟ. ಹುಟ್ಟಿದಾಗಿನಿಂದ ಇದೇ ಮೊದಲು, ನನ್ನ ಮೊದಲನೇ ‘ಬೇಡ’ವನ್ನು ಒಬ್ಬರು ಕೇಳಿಸಿಕೊಂಡದ್ದು.

ನಿಜ ಹೇಳಲಾ? ನನಗೆ ಇನ್ನೊಂದು ಹೋಳಿಗೆ ಬೇಕಿತ್ತು.